ನಮ್ಮ ಬೇಳೆ ಮಿಲ್ಲಿನಲ್ಲಿ ತೊಗರಿ ಎಲ್ಲೆಲ್ಲಿ ನಿಲ್ಲುತ್ತಿತ್ತು

ಕಲಬುರಗಿಯ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುವ ಯಾರನ್ನಾದರೂ ಕೇಳಿ, ಆರ್ಡರ್ ಯಾಕೆ ತಡ ಆಯ್ತು ಅಂತ. ಹೆಚ್ಚಿನವರು ಹೇಳುವುದು ಒಂದೇ: ಮಷೀನ್ ಸಾಲುತ್ತಿಲ್ಲ. ಕಪನೂರು ಕೈಗಾರಿಕಾ ಪ್ರದೇಶದ ನಮ್ಮ ಮಿಲ್ಲಿನಲ್ಲೂ ಇದೇ ಮಾತು ನಡೆದಿತ್ತು. ಬೆಂಗಳೂರು, ಹೈದರಾಬಾದಿನ ಸಗಟು ವ್ಯಾಪಾರಿಗಳು ಫೋನ್ ಮಾಡಿ ಮಾಲು ಎಲ್ಲಿ ಅಂತ ಕೇಳುವುದು, ನಾವು ನಾಳೆ ಲೋಡ್ ಆಗುತ್ತೆ ಅನ್ನುವುದು. ಸಾವ್ಕಾರ್ರು ತೊಗರಿಯ ಸಿಪ್ಪೆ ತೆಗೆಯುವ ರೋಲರ್ ಮಷೀನು ಇನ್ನೊಂದು ಹಾಕಿಸುವ ಯೋಚನೆಯಲ್ಲಿದ್ದರು. ಕೊಟೇಶನ್ನೂ ತರಿಸಿ ಇಟ್ಟಿದ್ದರು. ಆ ರೋಲರ್ ಬರಲಿಲ್ಲ, ಅದು ಬೇಕಾಗಲೂ ಇಲ್ಲ. ಯಾಕೆ ಬೇಕಾಗಲಿಲ್ಲ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಈ ಮಿಲ್ಲಿನ ಸೂಪರ್‌ವೈಸರ್. ಮಾಲು ಇಳಿಯುವುದರಿಂದ ಹಿಡಿದು ಲಾರಿಗೆ ಲೋಡ್ ಆಗುವವರೆಗೆ ನನ್ನದೇ ಜವಾಬ್ದಾರಿ.

ನಾವು ಮಾಡಿದ್ದು ವ್ಯಾಲ್ಯೂ ಸ್ಟ್ರೀಮ್ ಮ್ಯಾಪಿಂಗ್. ಕಾರ್ಖಾನೆಯೊಳಗೆ ಮಾಲು ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಮಾತಿನ ಮೇಲೆ ಮುಂದೆ ಹೋಗುತ್ತದೆ ಅನ್ನುವುದನ್ನು ಒಂದೇ ಕಾಗದದ ಮೇಲೆ ಚಿತ್ರ ಮಾಡಿ ನೋಡುವ ವಿಧಾನ ಇದು. ಇದರ ಬೇರು ಜಪಾನಿನ ಟೊಯೋಟಾ ಕಂಪನಿಯಲ್ಲಿದೆ. ಅಲ್ಲಿ ಸಾಮಾನಿನ ಹರಿವು, ಮಾಹಿತಿಯ ಹರಿವು ಎರಡನ್ನೂ ಒಟ್ಟಿಗೆ ಬರೆಯುವ ರೂಢಿ ಇತ್ತು. 1998ರಲ್ಲಿ ಅಮೆರಿಕದ ಮೈಕ್ ರಾದರ್ ಮತ್ತು ಜಾನ್ ಶುಕ್ ಅದನ್ನು ಎಲ್ಲರೂ ಕಲಿಯುವಂಥ ಕೈಪಿಡಿ ಮಾಡಿದರು. ಶುಕ್ ಟೊಯೋಟಾದಲ್ಲೇ ಕೆಲಸ ಮಾಡಿದವರು. ಆಮೇಲೆ ಕಾರು ಕಾರ್ಖಾನೆ ದಾಟಿ ಆಸ್ಪತ್ರೆ, ಬ್ಯಾಂಕು, ಕಚೇರಿಗಳಿಗೂ ಇದು ಹಬ್ಬಿತು.

ನಮಗೆ ಇದು ತಲುಪಿದ್ದು ಸರ್ಕಾರದ ಯೋಜನೆಯಿಂದ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸಣ್ಣ ಉದ್ದಿಮೆಗಳಿಗಾಗಿ ಲೀನ್ ಯೋಜನೆಯನ್ನು, ಅಂದರೆ ಕೆಲಸದಲ್ಲಿ ದಂಡ ಆಗುವುದನ್ನು ಕಡಿಮೆ ಮಾಡಲು ಕಲಿಸುವ ಯೋಜನೆಯನ್ನು, ಹೊಸ ರೂಪದಲ್ಲಿ ತಂದಿತು. ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಅಂತ ಮೂರು ಹಂತ ಇವೆ. ಸಲಹೆಗಾರರನ್ನು ಕರೆಸಿದರೆ ಆ ಖರ್ಚಿನಲ್ಲಿ ಶೇ 90ರಷ್ಟನ್ನು ಸರ್ಕಾರ ಕೊಡುತ್ತದೆ. ಸಾವ್ಕಾರ್ರ ಮಗಳು ಇಂಜಿನಿಯರಿಂಗ್ ಓದಿ ಹೈದರಾಬಾದಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದವರು. ಈ ಯೋಜನೆ ನೋಡಿ ಹೆಸರು ಬರೆಸಿದ್ದು ಅವರೇ. "ಅಪ್ಪಾ, ರೋಲರ್ ಆಮ್ಯಾಲ ತರೋಣು. ಮೊದಲ ತೊಗರಿ ಎಲ್ಲಿ ನಿಂತದ ನೋಡೋಣು" ಅಂದರು. ನಕ್ಷೆ ಬರೆಯುವ ಕೆಲಸ ನನಗೆ ಬಂತು.

ಮೊದಲು ತೀರ್ಮಾನ ಮಾಡಬೇಕಾದದ್ದು, ಯಾವ ಮಾಲಿನ ದಾರಿ ಬರೆಯುವುದು ಅಂತ. ಮಿಲ್ಲಿನಲ್ಲಿ ಹತ್ತು ತರಹದ ಮಾಲು ಇರುತ್ತದೆ. ಒಂದನೇ ನಂಬರ್ ಬೇಳೆ, ಎರಡನೇ ನಂಬರ್, ನುಚ್ಚು, ಚುನ್ನಿ, ಹೊಟ್ಟು. ಎಲ್ಲವನ್ನೂ ಒಂದೇ ಹಾಳೆಗೆ ಹಾಕಿದರೆ ಏನೂ ಕಾಣುವುದಿಲ್ಲ. ಹೆಚ್ಚು ಹೋಗುವ ಮಾಲು, ಹೆಚ್ಚು ಬೈಗುಳ ತರುವ ಮಾಲು ಯಾವುದೋ ಅದನ್ನೇ ಹಿಡಿಯಬೇಕು. ನಮ್ಮಲ್ಲಿ ಅದು 50 ಕೆ.ಜಿ. ಚೀಲದ ಒಂದನೇ ನಂಬರ್ ಬೇಳೆ. ಎಣ್ಣೆ ಹಚ್ಚಿ, ಬಿಸಿಲಿಗೆ ಒಣಗಿಸಿ ಮಾಡುವಂಥದ್ದು. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ಮಾಲು ಅನ್ನುವ ಸರ್ಕಾರಿ ಗುರುತು) ಸಿಕ್ಕಿದ ಮೇಲೆ ಇದನ್ನೇ ಕೇಳಿಕೊಂಡು ಬರುವವರೂ ಇದ್ದಾರೆ.

ಎರಡನೆಯದು, ಕೊನೆಯಿಂದ ಹಿಂದಕ್ಕೆ ನಡೆಯಬೇಕು. ಅಂದರೆ ಲಾರಿ ಲೋಡ್ ಆಗುವ ಗೇಟಿನಿಂದ ಶುರು ಮಾಡಿ ತೊಗರಿ ಗೋದಾಮಿನ ಕಡೆಗೆ. ಇದು ಯಾಕೆ ಅಂತ ನಡೆದಾಗಲೇ ಗೊತ್ತಾಗುತ್ತದೆ. ಗೋದಾಮಿನಿಂದ ಹೊರಟರೆ ಪ್ರತಿ ಮಷೀನಿನ ಹತ್ತಿರವೂ "ಇಲ್ಲಿ ಏನು ಮಾಡ್ತೀರಿ" ಅಂತ ಕೇಳುತ್ತಾ ಹೋಗುತ್ತೇವೆ. ಎಲ್ಲರೂ ತಮ್ಮ ಮಷೀನಿನ ಗುಣಗಾನ ಮಾಡುತ್ತಾರೆ. ಗೇಟಿನಿಂದ ಹಿಂದಕ್ಕೆ ಬಂದರೆ ಕೇಳುವ ಪ್ರಶ್ನೆಯೇ ಬೇರೆ ಆಗುತ್ತದೆ: "ಈ ಚೀಲ ಇಲ್ಲಿಗೆ ಎಲ್ಲಿಂದ ಬಂತು? ಅಲ್ಲಿ ಎಷ್ಟು ಹೊತ್ತು ಕೂತಿತ್ತು? ಬಾ ಅಂತ ಅದನ್ನು ಕರೆದವರು ಯಾರು?" ಕೊನೆಯ ಪ್ರಶ್ನೆಗೆ ಬಹಳ ಕಡೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಯಾರೂ ಕರೆದಿರಲಿಲ್ಲ. ಹಿಂದಿನ ಮಷೀನಿನವರು ಕೆಲಸ ಮುಗಿಸಿ ತಂದು ಹಾಕಿ ಹೋಗಿದ್ದರು.

ಬೇಕಾಗುವ ಸಾಮಾನು ದೊಡ್ಡದೇನಲ್ಲ. ಎ3 ಹಾಳೆ, ಪೆನ್ಸಿಲ್, ರಬ್ಬರ್. ಮೊಬೈಲಿನಲ್ಲೇ ಸಮಯ ನೋಡಿಕೊಳ್ಳಬಹುದು. ಹಾಳೆಯ ಬಲಗಡೆ ಮೇಲೆ ಗಿರಾಕಿ, ಎಡಗಡೆ ಮೇಲೆ ಮಾಲು ಕೊಡುವವರು, ನಮಗೆ ಗಂಜ್, ಅಂದರೆ ತೊಗರಿ ಕೊಳ್ಳುವ ಮಾರುಕಟ್ಟೆ. ನಡುವೆ ಕೆಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ. ಡಬ್ಬಿಯ ಕೆಳಗೆ ಆ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಜನ, ಮಾಲು ಬದಲಿಸಲು ಎಷ್ಟು ಹೊತ್ತು ಅಂತ ಬರೆಯುವುದು. ಎರಡು ಡಬ್ಬಿ ನಡುವೆ ಮಾಲು ಬಿದ್ದಿದ್ದರೆ ಒಂದು ತ್ರಿಕೋನ ಹಾಕಿ ಎಷ್ಟು ಚೀಲ ಅಂತ ಬರೆಯುವುದು. ಆ ಚೀಲಗಳನ್ನು ದಿನಕ್ಕೆ ಹೋಗುವ ಚೀಲದಿಂದ ಭಾಗಿಸಿದರೆ ಅಲ್ಲಿ ಮಾಲು ಎಷ್ಟು ದಿನ ನಿಲ್ಲುತ್ತದೆ ಅಂತ ಸಿಗುತ್ತದೆ. ಆಫೀಸಿನಿಂದ ಬರುವ ಮಾತಿಗೆ ಗೆರೆ. ಫೋನ್, ವಾಟ್ಸಾಪ್ ಆದರೆ ಮಿಂಚಿನ ಹಾಗೆ ಅಂಕುಡೊಂಕು ಗೆರೆ. ಇಷ್ಟು ಕಲಿತರೆ ನಕ್ಷೆ ಬರೆಯಬಹುದು.

ಗಿರಾಕಿಗಳ ಲೆಕ್ಕ ಮೊದಲು ತೆಗೆದೆವು. ಮುನೀಮರ ಹಳೇ ಬಿಲ್ ಬುಕ್ ನೋಡಿದಾಗ ಈ ಮಾಲು ದಿನಕ್ಕೆ ಸರಾಸರಿ 16 ಟನ್ ಹೋಗುತ್ತಿತ್ತು. 50 ಕೆ.ಜಿ.ಯ 320 ಚೀಲ. ಕೆಲಸದ ಹೊತ್ತು 8 ತಾಸು, ಅಂದರೆ 480 ನಿಮಿಷ. ಭಾಗಿಸಿದರೆ ಒಂದೂವರೆ ನಿಮಿಷಕ್ಕೆ ಒಂದು ಚೀಲ. ಇದನ್ನು ಟ್ಯಾಕ್ಟ್ ಟೈಮ್ ಅನ್ನುತ್ತಾರೆ. 90 ಸೆಕೆಂಡಿಗೆ ಒಂದು ಚೀಲ ಬಂದರೆ ಗಿರಾಕಿಗೆ ಸಾಕು. ಈಗ ಒಂದೊಂದು ಮಷೀನನ್ನೂ ಈ 90 ಸೆಕೆಂಡಿನ ಪಕ್ಕ ಇಟ್ಟು ನೋಡಬೇಕು. ನೋಡಿದೆವು. ಯಾವ ಮಷೀನೂ ಹಿಂದೆ ಬಿದ್ದಿರಲಿಲ್ಲ. ರೋಲರ್ ಅಂತೂ ಆರಾಮಾಗಿ ಅದಕ್ಕಿಂತ ಬೇಗ ಮಾಲು ಕೊಡುತ್ತಿತ್ತು. ಸಾವ್ಕಾರ್ರು ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಕೊಟೇಶನ್ನಿನ ಮಾತು ಅವತ್ತಿಗೆ ನಿಂತಿತು.

ಹಾಗಾದರೆ ತಡ ಎಲ್ಲಿ ಆಗುತ್ತಿತ್ತು?

ಇಲ್ಲಿ ಬೇಳೆ ಮಾಡುವ ಕ್ರಮ ಸ್ವಲ್ಪ ಹೇಳಬೇಕು. ತೊಗರಿಯ ಸಿಪ್ಪೆ ಹಠಮಾರಿ. ಕಡಲೆಯ ಹಾಗೆ ಸುಲಭಕ್ಕೆ ಬಿಡುವುದಿಲ್ಲ. ಸಿಪ್ಪೆಗೂ ಒಳಗಿನ ಬೇಳೆಗೂ ನಡುವೆ ಅಂಟಿನ ಪದರ ಇರುತ್ತದೆ. ಅದಕ್ಕೆ ಮೊದಲು ತೊಗರಿಯನ್ನು ಜರಡಿ ಹಿಡಿದು, ಎಮರಿ ರೋಲರಿನಲ್ಲಿ (ಒರಟು ಕಲ್ಲಿನ ಮೈ ಇರುವ ರೋಲರ್) ಹಾಯಿಸಿ ಸಿಪ್ಪೆಗೆ ಗೀರು ಹಾಕುತ್ತೇವೆ. ಆಮೇಲೆ ಎಣ್ಣೆ ಸವರಿ ರಾಶಿ ಹಾಕಿ ರಾತ್ರಿ ಬಿಡುತ್ತೇವೆ. ಗೀರಿನೊಳಗಿಂದ ಎಣ್ಣೆ ಇಳಿದು ಅಂಟು ಸಡಿಲ ಆಗುತ್ತದೆ. ಆಮೇಲೆ ಅಂಗಳದಲ್ಲಿ ಬಿಸಿಲಿಗೆ ಹರವುವುದು. ಒಣಗಿದ ಮೇಲೆ ಸ್ವಲ್ಪ ನೀರು ಚಿಮುಕಿಸಿ ಮತ್ತೆ ರಾತ್ರಿ ರಾಶಿ. ಆಮೇಲೆ ರೋಲರ್. ಸಿಪ್ಪೆ ಹೋಗಿ ಒಡೆಯದೇ ಉಳಿದ ಇಡೀ ಕಾಳಿಗೆ ಗೋಟಾ ಅನ್ನುತ್ತೇವೆ. ಅದನ್ನು ಒಡೆದರೆ ಬೇಳೆ. ಕೊನೆಗೆ ಸಾರ್ಟೆಕ್ಸ್ ಮಷೀನು ಬಣ್ಣ ನೋಡಿ ಕಪ್ಪು ಕಾಳು, ಸಿಪ್ಪೆ ಉಳಿದ ಕಾಳು ಊದಿ ತೆಗೆಯುತ್ತದೆ. ಆಮೇಲೆ ಚೀಲ. ನೂರು ಕೆ.ಜಿ. ತೊಗರಿಗೆ ನಮ್ಮಲ್ಲಿ ಎಪ್ಪತ್ತು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಬೇಳೆ ಬರುತ್ತದೆ. ಸಿಪ್ಪೆ ಸರಿಯಾಗಿ ಬಿಡದಿದ್ದರೆ ರೋಲರಿಗೆ ಮತ್ತೆ ಮತ್ತೆ ಹಾಕಬೇಕು. ಹಾಕಿದಷ್ಟೂ ಬೇಳೆ ಸವೆದು ಪುಡಿಯಾಗಿ ಚುನ್ನಿಗೆ ಹೋಗುತ್ತದೆ.

ಸಮಸ್ಯೆ ಬಂದದ್ದು ಇಲ್ಲೇ. ಮ್ಯಾಪಿಂಗ್ ಕಲಿಸುವವರು ಹೇಳುವುದು ಏನು? ಮಾಲು ನಿಂತಿದ್ದರೆ ಅದು ದಂಡ. ಬೆಲೆ ಕೂಡುವುದು ಮಾಲಿನ ಮೇಲೆ ಕೆಲಸ ನಡೆದಾಗ ಮಾತ್ರ. ಕಾರಿನ ಬಿಡಿಭಾಗಕ್ಕೆ ಇದು ಸರಿ. ಕಬ್ಬಿಣದ ತುಂಡು ಮೂಲೆಯಲ್ಲಿ ರಾತ್ರಿ ಇಡೀ ಬಿದ್ದಿದ್ದರೆ ಬೆಳಿಗ್ಗೆ ಅದು ಅದೇ ಕಬ್ಬಿಣ. ಆದರೆ ಎಣ್ಣೆ ಹಚ್ಚಿದ ತೊಗರಿ ರಾತ್ರಿ ರಾಶಿಯಲ್ಲಿದ್ದರೆ ಬೆಳಿಗ್ಗೆ ಅದು ಅದೇ ತೊಗರಿ ಅಲ್ಲ. ಅಲ್ಲಿ ಎಣ್ಣೆ ಕೆಲಸ ಮಾಡಿದೆ. ಅಂಗಳದಲ್ಲಿ ಬಿಸಿಲು ಕೆಲಸ ಮಾಡಿದೆ. ಕಣ್ಣಿಗೆ ಎರಡೂ ಒಂದೇ ತರಹ ಕಾಣುತ್ತವೆ, ಸುಮ್ನೆ ಬಿದ್ದಿರುವ ರಾಶಿ. ಒಂದು ರಾಶಿಯಲ್ಲಿ ಕೆಲಸ ನಡೆದಿದೆ, ಇನ್ನೊಂದರಲ್ಲಿ ಏನೂ ಇಲ್ಲ.

ಅದಕ್ಕೆ ನಾವು ನಕ್ಷೆಯಲ್ಲಿ ಮೂರು ಬಣ್ಣ ಮಾಡಿಕೊಂಡೆವು. ಮಷೀನಿನ ಕೆಲಸಕ್ಕೆ ನೀಲಿ. ಎಣ್ಣೆ, ನೀರು, ಬಿಸಿಲಿನ ಕೆಲಸಕ್ಕೆ ಹಸಿರು. ಸುಮ್ನೆ ಬಿದ್ದಿದ್ದಕ್ಕೆ ಕೆಂಪು. ಇದು ನಮ್ಮದೇ ಏರ್ಪಾಡು. ಬೇಳೆ ಮಿಲ್ಲು, ಬೆಲ್ಲದ ಗಾಣ, ಉಪ್ಪಿನಕಾಯಿ ಘಟಕ, ಹೀಗೆ ಕಾಯುವುದೇ ಕೆಲಸದ ಭಾಗ ಆಗಿರುವ ಯಾವ ಉದ್ಯೋಗಕ್ಕೂ ಹೀಗೇ ಮಾಡಿ ಅಂತ ನಾನು ಹೇಳುತ್ತೇನೆ. ಇಲ್ಲದಿದ್ದರೆ ದಿನ ಉಳಿಸುವ ಆತುರಕ್ಕೆ ಹಸಿರನ್ನು ಕತ್ತರಿಸಿ ಬಿಡುತ್ತೀರಿ. ಎಣ್ಣೆ ಇಳಿಯುವ ಮೊದಲೇ ರೋಲರಿಗೆ ಹಾಕಿದರೆ ದಿನ ಉಳಿಯುತ್ತದೆ, ಬೇಳೆ ಹೋಗುತ್ತದೆ.

ಹಸಿರೊಳಗೂ ಕೆಂಪು ಅಡಗಿರುತ್ತದೆ ಅನ್ನುವುದು ಅಂಗಳದಲ್ಲಿ ಗೊತ್ತಾಯಿತು. ತೊಗರಿ ಒಣಗಲು ಬೇಸಿಗೆಯಲ್ಲಿ ಎರಡು ಬಿಸಿಲು ಬೇಕು. ನಮ್ಮ ನಕ್ಷೆಯಲ್ಲಿ ಮಾತ್ರ ಮೂರು ದಿನ ಬರುತ್ತಿತ್ತು. ಏಪ್ರಿಲ್ ತಿಂಗಳ ಕಲಬುರಗಿ ಬಿಸಿಲಿಗೆ ಮೂರು ದಿನ ಯಾಕೆ ಬೇಕು? ಅಂಗಳದಲ್ಲಿ ತೊಗರಿ ಕೈಯಾಡಿಸುವ ಹೆಂಗಸರಲ್ಲಿ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಆಯಿ ಅಂತ ಕರೆಯುತ್ತೇವೆ. ಅವರ ಪಕ್ಕ ಕೂತೆ. ಎರಡನೇ ದಿನ ಮಧ್ಯಾಹ್ನ ಅವರು ಹರವಿದ ತೊಗರಿಯ ನಡುವೆ ಹೋಗಿ, ತಳದಿಂದ ನಾಲ್ಕು ಕಾಳು ತೆಗೆದು, ಒಂದನ್ನು ದವಡೆಗೆ ಹಾಕಿ ಕಡಿದರು. ಟಕ್ ಅಂತ ಸದ್ದು ಬಂತು. ಇನ್ನೊಂದು ಜಾಗದ ಕಾಳು ಕಡಿದರು. ಅದೂ ಟಕ್ ಅಂತು.

"ಒಣಗ್ಯದ ನೋಡ್ರಿ. ಮೆತ್ತಗಿದ್ರ ಹಲ್ಲಿಗಿ ಹತ್ತತದ, ಇದು ಮುರದು ಬಿತ್ತು" ಅಂದರು.

ಮೀಟರ್ ಹಿಡಿದು ನೋಡಿದೆ. ತೇವಾಂಶ ಶೇ 10ರ ಆಸುಪಾಸು ಬಂತು. ನಮಗೆ ಅಷ್ಟೇ ಬೇಕು.

"ಮತ್ತ ಯಾಕ ತುಂಬಿಲ್ಲ ಆಯಿ?"

"ತುಂಬೋರು ಎಲ್ಲಿ ಅದಾರ? ಎಲ್ಲರೂ ಲಾರಿ ಮ್ಯಾಲ ಅದಾರ. ದಿನಾ ಇದೇ ಅದ. ನನಗ ಯಾರು ಕೇಳ್ಯಾರ?"

ನೋಡಿದರೆ ಅವರು ಹೇಳಿದ್ದು ನಿಜ. ಗಂಜಿನಲ್ಲಿ ಟೆಂಡರ್ ಮುಗಿದು, ತೂಕ ಆಗಿ, ತೊಗರಿ ಲಾರಿಗಳು ನಮ್ಮ ಗೇಟಿಗೆ ಬರುವುದು ಮಧ್ಯಾಹ್ನ ಕಳೆದ ಮೇಲೆ. ಲಾರಿ ನಿಲ್ಲಿಸಿಕೊಂಡರೆ ಹಾಲ್ಟಿಂಗ್ ಚಾರ್ಜು ಬೀಳುತ್ತದೆ ಅಂತ ಹಮಾಲರನ್ನೆಲ್ಲ ಆ ಕಡೆ ಕಳಿಸುತ್ತಿದ್ದೆವು. ಅಂಗಳದ ತೊಗರಿ ಎತ್ತುವ ಹೊತ್ತೂ ಅದೇ. ಹಾಗಾಗಿ ಒಣಗಿದ ತೊಗರಿ ಅಲ್ಲೇ ಉಳಿಯುತ್ತಿತ್ತು. ಗುಡ್ಡೆ ಮಾಡಿ ತಾಡಪಾಲು ಮುಚ್ಚುತ್ತಿದ್ದರು. ಬೆಳಿಗ್ಗೆ ತಳದ ಕಾಳು ಸ್ವಲ್ಪ ಮೆತ್ತಗಾಗಿದ್ದರೆ ಮತ್ತೆ ಹರವುವುದು. ಮೂರನೇ ಬಿಸಿಲು ಬರುತ್ತಿದ್ದದ್ದು ಹೀಗೆ. ಅದರ ಜತೆಗೆ ಒಂದು ದಿನದ ಅಂಗಳವೂ ಹೋಗುತ್ತಿತ್ತು. ಅಂಗಳ ಖಾಲಿ ಇಲ್ಲ ಅಂದರೆ ಹೊಸ ರಾಶಿ ಹರವಲು ಜಾಗ ಇಲ್ಲ. ಗೀರು ಹಾಕುವ ಮಷೀನು ಅಲ್ಲಿಗೆ ನಿಲ್ಲುತ್ತಿತ್ತು. ಮಷೀನು ನಿಂತದ್ದು ಎಲ್ಲರಿಗೂ ಕಾಣುತ್ತಿತ್ತು. ಕಾರಣ ಅಂಗಳದಲ್ಲಿದೆ ಅನ್ನುವುದು ಆಯಿಗೆ ಬಿಟ್ಟು ಯಾರಿಗೂ ಕಂಡಿರಲಿಲ್ಲ.

ಇದಕ್ಕಿಂತ ದೊಡ್ಡ ಕೆಂಪು ಸಾರ್ಟೆಕ್ಸ್ ಮುಂದೆ ಇತ್ತು. ರೋಲರ್ ಕಡೆಯವರು ಬೇಳೆ ಒಡೆದು ಚೀಲಕ್ಕೆ ತುಂಬುತ್ತಿದ್ದರು. ಬಾಯಿ ಹೊಲಿಯುತ್ತಿದ್ದರು. ಹಮಾಲರು ಹೊತ್ತು ಒಯ್ದು ಥಪ್ಪಿ ಹಚ್ಚುತ್ತಿದ್ದರು, ಅಂದರೆ ಒಂದರ ಮೇಲೊಂದು ಜೋಡಿಸುತ್ತಿದ್ದರು. ಸಾರ್ಟೆಕ್ಸಿನ ಪಾಳಿ ಬಂದಾಗ ಥಪ್ಪಿ ಇಳಿಸಿ, ಹೊತ್ತು ತಂದು, ಹೊಲಿಗೆ ಬಿಚ್ಚಿ, ಹಾಪರಿಗೆ ಸುರಿಯುತ್ತಿದ್ದರು. ಬೇಳೆಗೆ ಇದರಿಂದ ಸಿಕ್ಕಿದ್ದು ಏನೂ ಇಲ್ಲ. ಎತ್ತಿ ಹಾಕಿದಷ್ಟೂ ನುಚ್ಚು ಜಾಸ್ತಿ. ನಾನು ಎಣಿಸಿದ ದಿನ ಅಲ್ಲಿ 950ರ ಹತ್ತಿರ ಚೀಲ ಇದ್ದವು. ದಿನಕ್ಕೆ 320 ಹೋಗುತ್ತವೆ ಅಂದರೆ ಮೂರು ದಿನದ ಮಾಲು. ಕೆ.ಜಿ.ಗೆ ನೂರು ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡರೂ 47 ಲಕ್ಷ ರೂಪಾಯಿ ದಾಟುತ್ತದೆ. ಒಂದು ಕಡೆ ಬ್ಯಾಂಕಿನ ಸಿಸಿ ಖಾತೆಗೆ, ಅಂದರೆ ವ್ಯಾಪಾರಕ್ಕೆ ತೆಗೆದ ಸಾಲಕ್ಕೆ, ಬಡ್ಡಿ ಕಟ್ಟುತ್ತಾ, ಇನ್ನೊಂದು ಕಡೆ ಅಷ್ಟು ದುಡ್ಡನ್ನು ಗೋಡೆಗೆ ಒರಗಿಸಿ ಇಟ್ಟಿದ್ದೆವು.

ಅದು ಅಲ್ಲಿ ಬಿದ್ದಿದ್ದು ಯಾಕೆ ಅಂತ ಹುಡುಕುವಾಗ ನಕ್ಷೆಯ ಮೇಲ್ಭಾಗ ಕೆಲಸಕ್ಕೆ ಬಂತು. ಅದೇ, ಮಾತಿನ ಗೆರೆಗಳು. ಮಾಲಿನ ದಾರಿ ಬರೆಯುವುದನ್ನು ಎಲ್ಲರೂ ಮಾಡುತ್ತಾರೆ. ಯಾರು ಯಾರಿಗೆ ಏನು ಹೇಳುತ್ತಾರೆ ಅಂತ ಬರೆಯುವುದನ್ನು ಬಿಡುತ್ತಾರೆ. ನನ್ನ ಪ್ರಕಾರ ಈ ವಿಧಾನದ ಅರ್ಧ ಜೀವ ಇರುವುದೇ ಅಲ್ಲಿ.

ನಾವು ಬರೆದಾಗ ಕಂಡದ್ದು ಹೀಗೆ. ದಲಾಲರು ಸಾವ್ಕಾರ್ರಿಗೆ ಫೋನ್ ಮಾಡುತ್ತಾರೆ. ಸಾವ್ಕಾರ್ರು ರೋಲರ್ ಮಿಸ್ತ್ರಿಗೆ ಫೋನ್ ಮಾಡಿ ಇಂಥ ತೊಗರಿ ಹಾಕು ಅನ್ನುತ್ತಾರೆ. ಮುನೀಮರು ಬಿಲ್ ನೋಡಿಕೊಂಡು ಸಾರ್ಟೆಕ್ಸ್ ಹುಡುಗನಿಗೆ ಇನ್ನೊಂದು ಮಾಲು ಹೇಳುತ್ತಾರೆ. ಪ್ಯಾಕಿಂಗಿನವರಿಗೆ ಲಾರಿ ಬಂದ ಮೇಲೆ ಡ್ರೈವರಿಂದ ಗೊತ್ತಾಗುತ್ತದೆ. ನಾನು ಎಲ್ಲರಿಗೂ ಬೇಗ ಮಾಡ್ರಿ ಅನ್ನುತ್ತೇನೆ. ಹಾಳೆಯ ಮೇಲೆ ಅಂಕುಡೊಂಕು ಗೆರೆಗಳು ಒಂದರ ಮೇಲೊಂದು ಹಾಯ್ದಿದ್ದವು. ಎಲ್ಲರೂ ತಮ್ಮ ಕೆಲಸ ಸರಿಯಾಗೇ ಮಾಡುತ್ತಿದ್ದರು. ಆದರೆ ರೋಲರ್ ಇವತ್ತು ಒಡೆಯುತ್ತಿದ್ದ ಬೇಳೆ ಸಾರ್ಟೆಕ್ಸಿಗೆ ಬೇಕಾಗುತ್ತಿದ್ದದ್ದು ಮೂರು ದಿನ ಬಿಟ್ಟು. ಸಾರ್ಟೆಕ್ಸಿಗೆ ಇವತ್ತು ಬೇಕಾದ ಬೇಳೆ ಇನ್ನೂ ಅಂಗಳದಲ್ಲಿ ಇರುತ್ತಿತ್ತು.

ನಕ್ಷೆಯ ಅಡಿಯಲ್ಲಿ ಮೆಟ್ಟಿಲು ಗೆರೆ ಎಳೆಯುತ್ತಾರೆ. ಕಾದ ಹೊತ್ತು ಮೇಲಿನ ಮೆಟ್ಟಿಲಿಗೆ, ಕೆಲಸದ ಹೊತ್ತು ಕೆಳಗಿನ ಮೆಟ್ಟಿಲಿಗೆ. ಕೊನೆಗೆ ಕೂಡಿಸುವುದು. ಗೋದಾಮಿನ ಹಸಿ ತೊಗರಿಯನ್ನು ನಾವು ಈ ಲೆಕ್ಕಕ್ಕೆ ಹಿಡಿಯಲಿಲ್ಲ. ತೊಗರಿ ಬರುವುದೇ ಡಿಸೆಂಬರಿನಿಂದ ಮಾರ್ಚ್ ತನಕ ಜಾಸ್ತಿ. ಸುಗ್ಗಿಯಲ್ಲಿ ಕೊಂಡು ಇಡುವುದು ವ್ಯಾಪಾರದ ತೀರ್ಮಾನ, ಅದನ್ನು ಬೇರೆ ಹಾಳೆಯಲ್ಲಿ ನೋಡಬೇಕು. ಜರಡಿ ಹಿಡಿದಾಗಿನಿಂದ ಲಾರಿ ಹತ್ತುವವರೆಗೆ ಮಾತ್ರ ಕೂಡಿಸಿದೆವು. ಒಟ್ಟು 12 ದಿನ. ಅದರಲ್ಲಿ ನೀಲಿ, ಅಂದರೆ ಮಷೀನಿನ ಕೆಲಸ, 2 ದಿನವೂ ಪೂರ್ತಿ ಇಲ್ಲ. ಹಸಿರು 3 ದಿನದ ಮೇಲೆ ಚೂರು. ಉಳಿದ 7 ದಿನ ಕೆಂಪು. ನಾವು ಹೊಸ ರೋಲರ್ ತಂದು ಉಳಿಸಬೇಕು ಅಂತಿದ್ದದ್ದು ಆ 2 ದಿನದ ನೀಲಿಯೊಳಗಿನ ಒಂದು ಚೂರನ್ನು.

ನಕ್ಷೆಯನ್ನು ಪ್ಯಾಕಿಂಗ್ ಜಾಗದ ಗೋಡೆಗೆ ಅಂಟಿಸಿ ಎಲ್ಲರನ್ನೂ ಕರೆದೆವು. ಮಿಸ್ತ್ರಿ, ಸಾರ್ಟೆಕ್ಸ್ ಹುಡುಗ, ಮುನೀಮರು, ಅಂಗಳದ ಹೆಂಗಸರು, ಹಮಾಲರು. ಸಾವ್ಕಾರ್ರ ಮಗಳು ಬೆರಳಿಟ್ಟು ಒಂದೊಂದೇ ಹೇಳಿದರು. ಸಾರ್ಟೆಕ್ಸ್ ಮುಂದಿನ ಥಪ್ಪಿಯ ಹತ್ತಿರ ಬಂದು, ಇದನ್ನು ತೆಗೆದರೆ ಇಷ್ಟು ದಿನ ಉಳಿಯುತ್ತದೆ ಅಂದಾಗ ಹಮಾಲರ ಮುಖಂಡ ಮುಕಾದಮ್ ಕಾಕಾ ಎದ್ದು ನಿಂತರು.

"ಅಕ್ಕಾ, ನಮಗ ಚೀಲದ ಲೆಕ್ಕದಾಗ ರೊಕ್ಕ. ಥಪ್ಪಿ ಹಚ್ಚಿದ್ರ ರೊಕ್ಕ, ಇಳಿಸಿದ್ರ ರೊಕ್ಕ. ಅದನ್ನ ತಗದ್ರ ನಾವೇನ್ ಉಣ್ಣಬೇಕ್ರಿ? ನೀವು ಕಾಗದದ ಮ್ಯಾಲ ಬರದು ನಮ್ಮ ಹೊಟ್ಟಿ ಮ್ಯಾಲ ಹೊಡಿತೀರೇನು?"

ಯಾರೂ ಮಾತಾಡಲಿಲ್ಲ. ಕಾಕಾ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಮಗೆ ದಂಡ ಅನ್ನಿಸಿದ್ದು ಅವರಿಗೆ ಕೂಲಿ. ಈ ವಿಧಾನದ ಬಗ್ಗೆ ನಾನು ಕೇಳಿದ ಯಾವ ಪಾಠದಲ್ಲೂ ಈ ಮಾತಿಗೆ ಜಾಗ ಇರಲಿಲ್ಲ. ಅಲ್ಲಿ ತಿಂಗಳ ಸಂಬಳದ ಕೆಲಸಗಾರರು. ನಮ್ಮ ಕಡೆ ಮಿಲ್ಲುಗಳಲ್ಲಿ ಹಮಾಲಿ ಅಂದರೆ ಚೀಲದ ಲೆಕ್ಕವೇ. ಎರಡು ಸಲ ಹೊರುವುದನ್ನು ಒಂದು ಸಲಕ್ಕೆ ಇಳಿಸಿದರೆ ಬೆನ್ನಿಗೆ ಆರಾಮ, ಮನೆಗೆ ಕಷ್ಟ. ಈ ಪ್ರಶ್ನೆ ಬಗೆಹರಿಸದೆ ನಕ್ಷೆ ಮುಂದಕ್ಕೆ ಒಯ್ಯುವುದು ನ್ಯಾಯ ಅಲ್ಲ, ಒಯ್ದರೂ ನಡೆಯುವುದಿಲ್ಲ. ನಾನು ಹಾಗೇ ಸಾವ್ಕಾರ್ರಿಗೆ ಹೇಳಿದೆ.

ಅದರ ಮೇಲೆ ಬಹಳ ಮಾತುಕತೆ ಆಯಿತು. ಒಮ್ಮೆ ಕಾಕಾ ಅರ್ಧಕ್ಕೇ ಎದ್ದು ಹೋದರು. ದಾರಿ ಸಿಕ್ಕಿದ್ದು ಅದೇ ನಕ್ಷೆಯೊಳಗೆ. ಅಂಗಳದ ತೊಗರಿ ಹೊತ್ತಿಗೆ ಸರಿಯಾಗಿ ಎತ್ತುವವರು ಬೇಕಲ್ವಾ? ಅದಕ್ಕೆ ಆವರೆಗೆ ಬೇರೆ ದರವೇ ಇರಲಿಲ್ಲ. ಲಾರಿ ಕೆಲಸದ ನಡುವೆ ಹೇಗೋ ಮಾಡುತ್ತಿದ್ದರು. ಹಮಾಲರನ್ನು ಎರಡು ಗುಂಪು ಮಾಡಿ, ಒಂದು ಗುಂಪು ಮಧ್ಯಾಹ್ನದಿಂದ ಅಂಗಳಕ್ಕೇ ಮೀಸಲು ಅಂತ ಮಾಡಿದೆವು. ಆ ಕೆಲಸಕ್ಕೆ ಚೀಲಕ್ಕೆ ಇಷ್ಟು ಅಂತ ದರ ಕಟ್ಟಿದರು. ಲೋಡಿಂಗ್ ದರವನ್ನೂ ಸ್ವಲ್ಪ ಏರಿಸಿದರು. ಮೊದಲ ಮೂರು ತಿಂಗಳು ಯಾರ ವಾರದ ಪಗಾರವೂ ಹಿಂದಿನದಕ್ಕಿಂತ ಇಳಿಯುವುದಿಲ್ಲ, ಇಳಿದರೆ ಮಿಲ್ಲು ತುಂಬಿಕೊಡುತ್ತದೆ ಅಂತ ಸಾವ್ಕಾರ್ರು ಎಲ್ಲರ ಮುಂದೆ ಮಾತು ಕೊಟ್ಟರು. ಮುನೀಮರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕಾಕಾ ಸಹಿ ಹಾಕಿದರು.

ಆಮೇಲೆ ಮುಂದಿನ ನಕ್ಷೆ ಬರೆದೆವು, ಹೇಗಿರಬೇಕು ಅನ್ನುವುದರದ್ದು. ಅದರಲ್ಲಿ ಮುಖ್ಯ ಬದಲಾವಣೆ ಅಂದರೆ ಎಲ್ಲರಿಗೂ ಬೇರೆ ಬೇರೆ ಫೋನ್ ನಿಂತದ್ದು. ಆರ್ಡರ್ ಬರುವುದು ಒಂದೇ ಜಾಗಕ್ಕೆ, ಪ್ಯಾಕಿಂಗಿನ ಬೋರ್ಡಿಗೆ. ಇವತ್ತು ಯಾವ ಮಾರ್ಕಾ (ಗಿರಾಕಿಯ ಹೆಸರು ಮುದ್ರಿಸಿದ) ಚೀಲ ಎಷ್ಟು ಹೋಗಬೇಕು ಅಂತ ಅಲ್ಲಿ ಬರೆದಿರುತ್ತದೆ. ಸಾರ್ಟೆಕ್ಸಿನವನು ಬೋರ್ಡ್ ನೋಡಿ ನಡೆಸುತ್ತಾನೆ. ರೋಲರ್ ಮಿಸ್ತ್ರಿ ಸಾರ್ಟೆಕ್ಸಿನ ಮುಂದಿನ ಜಾಗ ನೋಡಿ ನಡೆಸುತ್ತಾರೆ. ಆ ಜಾಗಕ್ಕೆ ನೆಲದ ಮೇಲೆ ಹಳದಿ ಬಣ್ಣದಲ್ಲಿ ಚೌಕ ಬರೆದಿದ್ದೇವೆ. ಅರ್ಧ ದಿನದ ಮಾಲು ಹಿಡಿಯುವಷ್ಟು. ಚೌಕ ತುಂಬಿದರೆ ಮಿಸ್ತ್ರಿ ಆ ಮಾಲು ಒಡೆಯುವುದು ನಿಲ್ಲಿಸಬೇಕು. ಮೊದಲು ಬಂದದ್ದು ಮೊದಲು ಹೋಗಬೇಕು. ಮಿಸ್ತ್ರಿಗೆ ಇದು ಬಹಳ ಕಷ್ಟ ಆಯಿತು. ಅವರ ಇಡೀ ಸರ್ವಿಸಿನಲ್ಲಿ ರೋಲರ್ ನಿಂತರೆ ಬೈಗುಳ ತಿಂದವರು ಅವರು. "ಮಷೀನ್ ಬಂದ್ ಮಾಡು ಅಂತ ಹೇಳಿದವರು ಇದೇ ಮೊದಲ್ರಿ" ಅಂದರು. ನಿಲ್ಲಿಸಿದ ಹೊತ್ತಿನಲ್ಲಿ ಎಮರಿ ನೋಡಿಕೊಳ್ಳುವುದು, ಜರಡಿ ತೊಳೆಯುವುದು, ಬೆಲ್ಟ್ ಬಿಗಿ ಮಾಡುವುದು ನಡೆಯತೊಡಗಿತು. ಈಗ ಅವರೇ ಹುಡುಗರಿಗೆ ಚೌಕ ದಾಟಬೇಡ್ರೋ ಅಂತ ಗದರುತ್ತಾರೆ.

ರೋಲರಿನಿಂದ ಸಾರ್ಟೆಕ್ಸಿಗೆ ನೇರ ಎಲಿವೇಟರ್ ಹಾಕಬೇಕು ಅಂತಲೂ ನಕ್ಷೆಯಲ್ಲಿ ಬರೆದಿದ್ದೇವೆ. ಅದು ಇನ್ನೂ ಆಗಿಲ್ಲ. ಆದರೆ ಬಾಯಿ ಹೊಲಿಯುವುದನ್ನು ಆವತ್ತೇ ನಿಲ್ಲಿಸಿದೆವು. ಅರ್ಧ ದಿನ ನಿಲ್ಲುವ ಚೀಲಕ್ಕೆ ಹೊಲಿಗೆ ಯಾಕೆ?

ಮಾರ್ಕಾ ಚೀಲದ ಸಮಸ್ಯೆ ಸಣ್ಣದು. ಗಿರಾಕಿಯ ಹೆಸರು ಮುದ್ರಿಸಿದ ಚೀಲ ಬರುವುದು ತಡವಾಗಿ ಬೇಳೆ ತಯಾರಾಗಿಯೂ ಕಾಯುತ್ತಿತ್ತು. ಇಷ್ಟು ಕಟ್ಟು ಉಳಿದಾಗ ಆರ್ಡರ್ ಹಾಕಬೇಕು ಅಂತ ಕಟ್ಟುಗಳ ನಡುವೆ ಒಂದು ಕೆಂಪು ರಟ್ಟು ಸಿಕ್ಕಿಸಿದೆವು. ಅಷ್ಟೇ.

ಈ ಬೇಸಿಗೆಯಲ್ಲಿ ಮತ್ತೆ ಅದೇ ದಾರಿಯನ್ನು ಗೇಟಿನಿಂದ ಹಿಂದಕ್ಕೆ ನಡೆದು ಬರೆದಾಗ 12 ದಿನದ ಜಾಗದಲ್ಲಿ 8 ದಿನ ಬಂತು. ನೀಲಿ ಇದ್ದಷ್ಟೇ ಇದೆ. ಹಸಿರಿಗೆ ನಾವು ಕೈ ಹಚ್ಚಿಲ್ಲ. ಇಳಿದದ್ದೆಲ್ಲ ಕೆಂಪು. ಸಾರ್ಟೆಕ್ಸ್ ಮುಂದಿನ ದುಡ್ಡು ಬಿಡುಗಡೆ ಆಯಿತು. ಸಿಸಿ ಖಾತೆಯಲ್ಲಿ ಅದು ಕಾಣುತ್ತಿದೆ ಅಂತ ಮುನೀಮರು ಹೇಳುತ್ತಾರೆ. ವ್ಯಾಪಾರಿಗಳಿಗೆ ನಾವು ಈಗ ತಾರೀಕು ಹೇಳುತ್ತೇವೆ, ಸುಮ್ನೆ ನಾಳೆ ಅನ್ನುವುದಿಲ್ಲ. ಅಂಗಳದಲ್ಲಿ ಆಯಿ ಒಣಗಿದೆ ಅಂದರೆ ಎತ್ತಬೇಕು ಅನ್ನುವುದು ನಿಯಮ. ಮೀಟರ್ ಹಿಡಿದು ನೋಡುತ್ತೇವೆ, ಆದರೆ ಮೀಟರ್ ಹಿಡಿಯುವುದು ಅವರು ಕರೆದ ಮೇಲೆ. ಅವರ ದಿನಗೂಲಿಯನ್ನೂ ಈ ಸಲ ಏರಿಸಿದ್ದಾರೆ. ಅದು ನನಗೆ ಬಹಳ ಸಂತೋಷ ಕೊಟ್ಟ ವಿಷಯ.

ಆಗದೇ ಇರುವುದೂ ಇದೆ. ಹಮಾಲರಲ್ಲಿ ಇಬ್ಬರು ಲಾರಿ ಗುಂಪು ಬಿಟ್ಟು ಅಂಗಳಕ್ಕೆ ಬರಲು ಒಪ್ಪದೆ ಬೇರೆ ಮಿಲ್ಲಿಗೆ ಹೋದರು. ಮೂರು ತಿಂಗಳ ಮಾತು ಮುಗಿದ ಮೇಲೆ ದರ ಏನು ಅನ್ನುವುದರ ಮೇಲೆ ಕಾಕಾ ಮತ್ತು ಸಾವ್ಕಾರ್ರ ನಡುವೆ ಇನ್ನೂ ಮಾತು ನಡೆದಿದೆ. ದಲಾಲರ ಫೋನಂತೂ ನಿಂತಿಲ್ಲ. ಒಬ್ಬ ದೊಡ್ಡ ಗಿರಾಕಿ ಅರ್ಜೆಂಟ್ ಅಂದರೆ ಬೋರ್ಡಿನ ಸಾಲು ಇವತ್ತಿಗೂ ಮೇಲೆ ಕೆಳಗೆ ಆಗುತ್ತದೆ.

ನಮ್ಮ ಮಿಲ್ಲಿಗೆ ಬಂದು ಈ ನಕ್ಷೆ ನೋಡಿ ಹೋದ ಬೇರೆ ಮಿಲ್ಲಿನವರು ಕೇಳುವುದು, ಇದನ್ನು ಕಂಪ್ಯೂಟರಿನಲ್ಲಿ ಮಾಡಲು ಬರುತ್ತದಾ ಅಂತ. ಬರುತ್ತದೆ, ಸಾಫ್ಟ್‌ವೇರ್ ಇವೆ. ಆದರೆ ಮೊದಲ ಸಲ ಪೆನ್ಸಿಲ್ಲೇ ಹಿಡಿಯಿರಿ ಅನ್ನುತ್ತೇನೆ. ಅಂಗಳದಲ್ಲಿ ನಿಂತು ಪೆನ್ಸಿಲಿನಲ್ಲಿ ಬರೆದರೆ ಪಕ್ಕದಲ್ಲಿದ್ದವರು ಬಗ್ಗಿ ನೋಡಿ, ಅದು ಹಂಗಲ್ರಿ, ಹಿಂಗ ಅಂತ ಹೇಳುತ್ತಾರೆ. ಕಂಪ್ಯೂಟರ್ ಇದ್ದರೆ ಹತ್ತಿರ ಬರುವುದಿಲ್ಲ. ಇನ್ನೊಂದು, ಸಮಯ ನೋಡುವ ಮೊದಲು ಯಾಕೆ ನೋಡುತ್ತಿದ್ದೇವೆ ಅಂತ ಕೆಲಸದವರಿಗೆ ಹೇಳಿ. ಮೊಬೈಲ್ ಹಿಡಿದು ಪಕ್ಕದಲ್ಲಿ ನಿಂತರೆ ಯಾರಿಗಾದರೂ ಕೆಲಸ ಹೋಗುತ್ತದೆ ಅನ್ನುವ ಭಯ ಬರುತ್ತದೆ. ಭಯದಲ್ಲಿ ಮಾಡಿದ ಕೆಲಸದ ಸಮಯ ನಿಜವಾದ ಸಮಯ ಅಲ್ಲ.

ಈಗ ಮಳೆಗಾಲದ ನಕ್ಷೆ ಬರೆಯುತ್ತಿದ್ದೇವೆ. ಜುಲೈನಿಂದ ಅಂಗಳ ನಂಬಿಕೊಳ್ಳುವಂತಿಲ್ಲ, ತೊಗರಿ ಡ್ರೈಯರಿಗೆ ಹೋಗುತ್ತದೆ. ಡ್ರೈಯರ್ ಒಂದು ಸಲಕ್ಕೆ ಹಿಡಿಯುವುದು ಕಡಿಮೆ, ಹಾಗಾಗಿ ಅದರ ಮುಂದೆ ರಾಶಿ ಬೀಳುತ್ತದೆ. ಎಣ್ಣೆ ಇಳಿಯಲು ಬೇಕಾದ ಒಂದು ರಾತ್ರಿ ದಾಟಿ ಅದು ಅಲ್ಲಿ ಎಷ್ಟು ಹೊತ್ತು ಇರುತ್ತದೆ, ಅದರಲ್ಲಿ ಹಸಿರು ಎಷ್ಟು, ಕೆಂಪು ಎಷ್ಟು ಅಂತ ಎಣಿಸುವ ಕೆಲಸ ನಡೆದಿದೆ. ಈ ಸಲ ಹಾಳೆ ಹಿಡಿದು ನನ್ನ ಜತೆ ನಡೆಯುತ್ತಿರುವವರು ಮಿಸ್ತ್ರಿ ಮತ್ತು ಮುಕಾದಮ್ ಕಾಕಾ.